ಅಟ್ಲಾಸ್, ಟೋಪೋಶೀಟ್, ಮೊಬೈಲ್: ಒಂದೇ ನಂದಿಬೆಟ್ಟ, ಮೂರು ಶನಿವಾರ

ಅಕ್ಷಾಂಶ, ರೇಖಾಂಶಗಳ ವ್ಯಾಖ್ಯೆಯನ್ನು ನನ್ನ ಒಂಬತ್ತನೇ ತರಗತಿಯ ಮಕ್ಕಳು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತಾರೆ. ನಂದಿಬೆಟ್ಟದ ಅಕ್ಷಾಂಶ ಕಂಡುಹಿಡಿಯಿರಿ ಎಂದರೆ ಮಾತ್ರ ಎಲ್ಲರಿಗೂ ಒಮ್ಮೆಲೇ ಬಾಯಾರಿಕೆಯಾಗುತ್ತದೆ. ಅದಕ್ಕೇ ಈ ಸಲ ಅದೊಂದೇ ಪ್ರಶ್ನೆಯನ್ನು ಮೂರು ಶನಿವಾರ, ಮೂರು ಬಗೆಯ ನಕ್ಷೆಗಳಲ್ಲಿ ಹುಡುಕಿಸಿದೆ.

ಮೊದಲು ಅಟ್ಲಾಸ್. ನಮ್ಮದರ ಕರ್ನಾಟಕದ ಪುಟದಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ ಮೂರು ಕಿಲೋಮೀಟರ್. ಪೆನ್ಸಿಲ್ ಮೊನೆ ಇಟ್ಟರೆ ಇಡೀ ಬೆಟ್ಟ ಮುಚ್ಚಿಹೋಗುತ್ತದೆ. 13 ಡಿಗ್ರಿ ಉತ್ತರಕ್ಕಿಂತ ತುಸು ಮೇಲೆ, 78 ಡಿಗ್ರಿ ಪೂರ್ವಕ್ಕಿಂತ ತುಸು ಈಚೆ ಎನ್ನುವುದಕ್ಕಿಂತ ಹೆಚ್ಚು ಅದರಿಂದ ಹೊರಡಲಿಲ್ಲ. ಆದರೆ ಕಾಲದ ಲೆಕ್ಕಕ್ಕೆ ಅಟ್ಲಾಸೇ ಸೈ. ನಮ್ಮ ಗಡಿಯಾರ ನಡೆಯುವುದು 82°30′ ರೇಖಾಂಶಕ್ಕೆ, ಬೆಂಗಳೂರು ಇರುವುದು 77°35′ರಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ಬೆಂಗಳೂರಿನ ಸೂರ್ಯ ಸುಮಾರು 20 ನಿಮಿಷ ತಡ. ಈ ಎರಡು ಗೆರೆಗಳನ್ನು ಒಂದೇ ನೋಟದಲ್ಲಿ ತೋರಿಸಲು ಮೊಬೈಲ್ ಪರದೆ ಸಾಲದು.

ಎರಡನೇ ಶನಿವಾರ ಭಾರತೀಯ ಸರ್ವೇಕ್ಷಣಾ ಇಲಾಖೆಯ ಟೋಪೋಶೀಟ್ (ನೆಲದ ಏರುತಗ್ಗುಗಳನ್ನೂ ತೋರಿಸುವ ವಿವರವಾದ ನಕ್ಷೆ), ಹಳೆಯ ಸಂಖ್ಯೆ 57ಜಿ/11. ಇದರ ಪ್ರಮಾಣ 1:50,000, ಅಂದರೆ ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರ್. ಹಾಳೆಯನ್ನು ನೆಲದ ಮೇಲೆ ಹಾಸಿದ್ದೇ ತಡ, ಮಕ್ಕಳು ಸುತ್ತಲೂ ಬೋರಲು ಬಿದ್ದರು. 13°20′ ಮತ್ತು 13°25′ ಗೆರೆಗಳ ನಡುವೆ ಅಳೆದಾಗ 18.4 ಸೆಂಟಿಮೀಟರ್ ಬಂತು. ಕೆಳಗಿನ ಗೆರೆಯಿಂದ ಬೆಟ್ಟದ ನೆತ್ತಿಗೆ 8.2. 8.2ನ್ನು 18.4ರಿಂದ ಭಾಗಿಸಿ ಐದರಿಂದ ಗುಣಿಸಿದರೆ ಎರಡು ನಿಮಿಷ ಚಿಲ್ಲರೆ (ಇದು ಗಡಿಯಾರದ ನಿಮಿಷವಲ್ಲ, ಡಿಗ್ರಿಯ ಅರವತ್ತನೇ ಒಂದು ಭಾಗ), ಅಂದರೆ 13°22′. ಕಪ್ಪುಹಲಗೆಯ ಮೇಲೆ ಈ ಉತ್ತರ ಬರೆದ ಹುಡುಗಿ ಗಣಿತದಲ್ಲಿ ಎಂದೂ ಕೈ ಎತ್ತಿದವಳಲ್ಲ.

ಆಮೇಲೆ ಕಂದು ಬಣ್ಣದ ಸಮೋನ್ನತಿ ರೇಖೆಗಳು, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳು. ಒಂದೊಂದು ಗೆರೆಗೂ 20 ಮೀಟರ್ ಏರು, ಪ್ರತಿ ಐದನೆಯದು ದಪ್ಪ. ಬೆಟ್ಟದ ಒಂದು ಮಗ್ಗುಲಲ್ಲಿ ಗೆರೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. «ಸರ್, ಇಲ್ಲಿ ಗೆರೆ ಎಣಿಸಲಿಕ್ಕೇ ಆಗುವುದಿಲ್ಲ» ಎಂದ ಒಬ್ಬ. «ಅಲ್ಲಿ ಹತ್ತಲಿಕ್ಕೂ ಆಗುವುದಿಲ್ಲ» ಎಂದಳು ಪಕ್ಕದವಳು. ಕಡಿದಾದ ಇಳಿಜಾರಿನ ಪಾಠ ಅಲ್ಲಿಗೆ ಮುಗಿಯಿತು, ನಾನು ಬಾಯಿ ತೆರೆಯಬೇಕಾಗಲಿಲ್ಲ.

ಮೊಬೈಲ್ ವೇಗದಲ್ಲಿ ಎಲ್ಲವನ್ನೂ ಮೀರಿಸಿತು. ಗೂಗಲ್ ಮ್ಯಾಪ್ಸ್‌ನಲ್ಲಿ ಬೆಟ್ಟದ ಮೇಲೆ ಬೆರಳು ಒತ್ತಿ ಹಿಡಿದರೆ 13.37, 77.68 ಎಂದು ಬಂದೇಬಿಟ್ಟಿತು. ತಕರಾರು ಶುರುವಾದದ್ದು ಅಲ್ಲಿಂದಲೇ: ಹೋದ ವಾರದ 22 ಹೇಗೆ 37 ಆಯಿತು? 22ನ್ನು 60ರಿಂದ ಭಾಗಿಸಿ ತೋರಿಸುವವರೆಗೆ ಯಾರೂ ನಂಬಲಿಲ್ಲ. ಅಷ್ಟರಲ್ಲಿ ಹಿಂದಿನ ಬೆಂಚಿನವನು ಬೆಂಗಳೂರಿನ 12°58′, 77°35′ನ್ನು 12.58, 77.35 ಎಂದು ಒತ್ತಿ ಕನಕಪುರದ ಬಳಿಗೆ ಹೋಗಿ ಕುಳಿತಿದ್ದ. ಒಂದು ಚುಕ್ಕೆಯಿಂದ 50 ಕಿಲೋಮೀಟರ್ ಆಚೀಚೆ! ನಿಜ ಹೇಳಬೇಕೆಂದರೆ, ಮೊಬೈಲ್ ಅಂದು ಕಲಿಸಿದ ಒಳ್ಳೆಯ ಪಾಠ ಆ ತಪ್ಪೇ.

ಒಂದನ್ನೇ ಆರಿಸು ಎಂದರೆ ನಾನು ಟೋಪೋಶೀಟ್ ಎತ್ತಿಕೊಳ್ಳುತ್ತೇನೆ. ಮೊಬೈಲನ್ನು ಉತ್ತರ ತಾಳೆ ನೋಡಲು ಕೊನೆಗೆ ಕೊಡುತ್ತೇನೆ, ಮೊದಲೇ ಕೊಟ್ಟರೆ ಅಳತೆಪಟ್ಟಿಯನ್ನು ಯಾರೂ ಮುಟ್ಟುವುದಿಲ್ಲ. ಅಟ್ಲಾಸ್ ಹೇಗೂ ಚೀಲದಲ್ಲಿರುತ್ತದೆ.

ಟೋಪೋಶೀಟನ್ನು ಸರ್ವೇಕ್ಷಣಾ ಇಲಾಖೆಯ ಜಾಲತಾಣದಿಂದ ಇಳಿಸಿಕೊಂಡು ಮುದ್ರಿಸುವವರಿಗೆ ಎರಡು ಮಾತು. ಕಪ್ಪು-ಬಿಳುಪಿನಲ್ಲಿ ತೆಗೆಸಬೇಡಿ, ಹಳ್ಳ ಯಾವುದು, ಸಮೋನ್ನತಿ ರೇಖೆ ಯಾವುದು ಎಂದು ತಿಳಿಯುವುದಿಲ್ಲ. ಚಿಕ್ಕ ಕಾಗದಕ್ಕೆ ಕುಗ್ಗಿಸಿದರೆ ಅಕ್ಷಾಂಶದ ಲೆಕ್ಕ ಕೆಡುವುದಿಲ್ಲ, ಏಕೆಂದರೆ ಎರಡು ಅಳತೆಗಳೂ ಒಟ್ಟಿಗೇ ಕುಗ್ಗುತ್ತವೆ. ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರ್ ಎಂಬ ಮಾತು ಮಾತ್ರ ಸುಳ್ಳಾಗುತ್ತದೆ. ಆಗ ದೂರ ಅಳೆಯಲು ಹಾಳೆಯ ಕೆಳಗೆ ಅಚ್ಚಾಗಿರುವ ಪ್ರಮಾಣದ ಪಟ್ಟಿಯನ್ನೇ ಬಳಸಬೇಕು.