ಮಣಿಕಟ್ಟಿನ ನರ: ಶಾಕ್ ಪರೀಕ್ಷೆನೋ, ಅಲ್ಟ್ರಾಸೌಂಡೋ?

ರಾತ್ರಿ ಎರಡು ಗಂಟೆಗೆ ಕೈ ಜೋಮು ಹಿಡಿದು ಎಚ್ಚರವಾಗುತ್ತಿತ್ತು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮರಗಟ್ಟಿರುತ್ತಿದ್ದವು. ಕಿರುಬೆರಳಿಗೆ ಮಾತ್ರ ಏನೂ ಇಲ್ಲ. ಕೈ ಕೊಡವಿದರೆ ಸರಿಹೋಗುತ್ತಿತ್ತು. ಬಲಗೈಗೆ ಜಾಸ್ತಿ, ಎಡಗೈಗೆ ಕಮ್ಮಿ. ಕಾರ್ಪಲ್ ಟನಲ್ ಇರಬಹುದು ಅಂದರು ಡಾಕ್ಟರು. ಮಣಿಕಟ್ಟಿನ ಇಕ್ಕಟ್ಟು ದಾರಿಯಲ್ಲಿ ಮೀಡಿಯನ್ ನರ ಅದುಮಿಕೊಂಡಿದೆ ಅಂತ.

ಮೊದಲು ನರ್ವ್ ಕಂಡಕ್ಷನ್ ಪರೀಕ್ಷೆ, ಅಂದರೆ ಸಣ್ಣ ಶಾಕ್ ಕೊಟ್ಟು ನರದಲ್ಲಿ ಸಂಕೇತ ಎಷ್ಟು ಬೇಗ ಹೋಗುತ್ತದೆ ಅಂತ ನೋಡುವುದು. ಕೈ ತಣ್ಣಗಿದೆ ಅಂತ ಬಿಸಿ ಮಾಡಿಸಿದರು. ತಣ್ಣಗಿದ್ದರೆ ನರದಲ್ಲಿ ಸಂಕೇತ ನಿಧಾನವಾಗಿ ಹೋಗಿ, ಇಲ್ಲದ ತೊಂದರೆ ಇದೆ ಅಂತ ಕಾಣುತ್ತದೆ. ಆಮೇಲೆ ಟಪ್ ಟಪ್ ಅಂತ ಶಾಕ್. ಜೀವ ಹೋಗುವಂಥ ನೋವೇನಲ್ಲ. ಆದರೆ ಹೆಬ್ಬೆರಳು ನನ್ನನ್ನು ಕೇಳದೆ ತಾನೇ ಕುಣಿಯುವುದನ್ನು ನೋಡುವುದು ಒಂಥರಾ ಕಸಿವಿಸಿ. ಬಲಗೈಯಲ್ಲಿ ಸಂಕೇತ ತಡವಾಗುತ್ತಿದೆ, ಎಡಗೈ ನಾರ್ಮಲ್ ಅಂತ ರಿಪೋರ್ಟ್ ಬಂತು. ಹಾಗಾದರೆ ಎಡಗೈ ಜೋಮು ಸುಮ್ನೆನಾ?

ಅಲ್ಟ್ರಾಸೌಂಡಿನಲ್ಲಿ ಶಾಕೂ ಇಲ್ಲ, ಸೂಜಿಯೂ ಇಲ್ಲ. ಜೆಲ್ ಹಚ್ಚಿ ಪ್ರೋಬ್ ಇಟ್ಟರು, ಅಷ್ಟೇ. ಅಡ್ಡ ಕೊಯ್ದ ಹಾಗೆ ನರ ಪರದೆ ಮೇಲೆ ಕಂಡಿತು, ಜೇನುಗೂಡಿನ ಥರ ಚುಕ್ಕೆ ಚುಕ್ಕೆ. ಬಲಗೈಯಲ್ಲಿ ಸುರಂಗದ ಬಾಯಿ ಹತ್ತಿರ ಊದಿಕೊಂಡಿದ್ದ ನರ ಒಳಗೆ ಹೋಗುತ್ತಾ ಚಪ್ಪಟೆಯಾಗಿತ್ತು. ಊದಿದ ಕಡೆ ಅಳತೆ 16 ಚದರ ಮಿಲಿಮೀಟರ್. ಸಾಮಾನ್ಯವಾಗಿ ಅದು 10ರ ಆಸುಪಾಸಿನೊಳಗೆ ಇರಬೇಕು. "ಬೆರಳು ಮಡಚಿ, ಬಿಡಿ" ಅಂದರು. ಮಡಚಿದಾಗ ಸ್ನಾಯುರಜ್ಜುಗಳ ಜೊತೆ ನರವೂ ಪಕ್ಕಕ್ಕೆ ಜಾರುತ್ತಿತ್ತು. ನನ್ನ ನರವನ್ನು ನಾನೇ ನೋಡುತ್ತಾ ಎರಡು ನಿಮಿಷ ಮಾತೇ ಬರಲಿಲ್ಲ.

ಮಜಾ ಇದ್ದದ್ದು ಎಡಗೈಯಲ್ಲಿ. ನರಕ್ಕೆ ಒತ್ತಿಕೊಂಡು ಒಂದು ಪುಟ್ಟ ಗ್ಯಾಂಗ್ಲಿಯಾನ್, ಅಂದರೆ ಲೋಳೆ ತುಂಬಿದ ಗಂಟು, ಕೂತಿತ್ತು. ನರ ಇನ್ನೂ ಕೆಲಸ ಮಾಡುತ್ತಲೇ ಇತ್ತು, ಹಾಗಾಗಿ ಶಾಕಿಗೆ ಅದು ಸಿಕ್ಕಿಬಿದ್ದಿರಲಿಲ್ಲ.

ಹಾಗಂತ ಸ್ಕ್ಯಾನೇ ಗೆದ್ದಿತು ಅನ್ನಲಾರೆ. ನರ ಎಷ್ಟು ದಪ್ಪ, ಎಲ್ಲಿ ಒತ್ತಿದೆ, ಯಾಕೆ ಒತ್ತಿದೆ ಅನ್ನೋದು ಅದಕ್ಕೆ ಗೊತ್ತು. ಎಷ್ಟು ಕೆಟ್ಟಿದೆ ಅನ್ನೋದು ಶಾಕ್ ಪರೀಕ್ಷೆಗೇ ಗೊತ್ತು. ತೊಂದರೆ ಕುತ್ತಿಗೆಯಲ್ಲಿದ್ದರೆ ಮಣಿಕಟ್ಟಿನ ಸ್ಕ್ಯಾನ್ ಏನು ಹೇಳೀತು? ಮೇಲಾಗಿ ಸ್ಕ್ಯಾನ್ ಅನ್ನೋದು ಪ್ರೋಬ್ ಹಿಡಿದವರ ಕೈಯಲ್ಲಿದೆ. ಮೊದಲ ಸಲ ಬೇರೆ ಕಡೆ ಮಾಡಿಸಿದಾಗ ಬರೀ ಸ್ನಾಯುರಜ್ಜು ನೋಡಿ "ಎಲ್ಲ ಸರಿಯಿದೆ" ಅಂತ ಕಳಿಸಿದ್ದರು. ನರ ನೋಡಿ ಪಳಗಿದವರು ಸಿಕ್ಕರೆ ನಾನಂತೂ ಮೊದಲು ಸ್ಕ್ಯಾನ್ ಮಾಡಿಸುತ್ತೇನೆ. ಆಪರೇಷನ್ ಮಾತು ಬಂದರೆ ಶಾಕಿಗೂ ಕೈ ಒಡ್ಡುತ್ತೇನೆ.

ಸದ್ಯಕ್ಕೆ ಬಲಗೈಗೆ ರಾತ್ರಿ ಹೊತ್ತು ಮಣಿಕಟ್ಟು ಮಡಚದಂತೆ ಹಿಡಿದಿಡುವ ಪಟ್ಟಿ. ಎಡಗೈ ಗಂಟಿನ ಲೋಳೆಯನ್ನು ಸೂಜಿಯಿಂದ ಎಳೆದು ತೆಗೆದರು, ಅದೂ ಸ್ಕ್ಯಾನ್ ನೋಡಿಕೊಂಡೇ.