ಎಸ್‌ಸಿಸಿಎಂ ಪವರ್‌ಶೆಲ್ ಮಾಡ್ಯೂಲ್: ಡಿಪ್ಲಾಯ್‌ಮೆಂಟ್ ಹುಡುಕೋಕೆ ಹೇಗಿದೆ?

1994ರಲ್ಲಿ ಎಸ್‌ಎಂಎಸ್ (ಸಿಸ್ಟಮ್ಸ್ ಮ್ಯಾನೇಜ್‌ಮೆಂಟ್ ಸರ್ವರ್) ಅಂತ ಬಂದ ಪ್ರಾಡಕ್ಟ್ ಈ ಎಸ್‌ಸಿಸಿಎಂ. ಆಮೇಲೆ ಎಷ್ಟೋ ಸಲ ಹೆಸರು ಬದಲಾಯಿತು. ಈಗ ಮೈಕ್ರೋಸಾಫ್ಟ್ ಇದನ್ನು ಕಾನ್ಫಿಗರೇಶನ್ ಮ್ಯಾನೇಜರ್ ಅನ್ನುತ್ತದೆ. ನಮ್ಮ ಟೀಮ್‌ನಲ್ಲಿ ಎಲ್ಲರಿಗೂ ಇನ್ನೂ ಎಸ್‌ಸಿಸಿಎಂ. ಸಾವಿರಾರು ಮೆಷಿನ್‌ಗಳಿಗೆ ಸಾಫ್ಟ್‌ವೇರ್, ಪ್ಯಾಚ್ ಕಳಿಸುವುದು ಇದರ ಕೆಲಸ. ಹಾಗೆ ಕಳಿಸೋದನ್ನೇ ಡಿಪ್ಲಾಯ್‌ಮೆಂಟ್ ಅನ್ನೋದು. ಪೂರ್ತಿ ಪ್ರಾಡಕ್ಟ್ ಬಗ್ಗೆ ಬರೆಯೋಕೆ ಕೂತರೆ ಮುಗಿಯೋದಿಲ್ಲ. ಅದರ ಜೊತೆ ಬರುವ ಪವರ್‌ಶೆಲ್ ಮಾಡ್ಯೂಲ್ ಒಂದನ್ನೇ, ಅಂದರೆ ಮೈಕ್ರೋಸಾಫ್ಟ್‌ನ ಪವರ್‌ಶೆಲ್‌ನಲ್ಲಿ ಟೈಪ್ ಮಾಡಿ ಓಡಿಸುವ ಕಮಾಂಡ್‌ಗಳ ಗುಂಪನ್ನು, ತಗೊಳ್ತೀನಿ. ಅದರಲ್ಲೂ ಯಾವ ಸಾಫ್ಟ್‌ವೇರ್ ಎಲ್ಲಿಗೆ ಹೋಗಿದೆ ಅಂತ ಹುಡುಕುವ ಕೆಲಸಕ್ಕೆ ಅದು ಎಷ್ಟು ಆಗಿಬರುತ್ತದೆ ಅನ್ನೋದಷ್ಟೇ.

ಇದಕ್ಕೆ ಬೇರೆ ದುಡ್ಡು ಕೊಡಬೇಕಿಲ್ಲ. ಅಡ್ಮಿನ್ ಕನ್ಸೋಲ್ ಹಾಕಿಕೊಂಡರೆ ಮಾಡ್ಯೂಲ್ ಅದರ ಜೊತೆಗೇ ಬರುತ್ತದೆ. ಎಸ್‌ಸಿಸಿಎಂ 2012 ಎಸ್‌ಪಿ1 ಆವೃತ್ತಿಯಿಂದ ಇದೆ. 2006 ಅನ್ನುವ ಆವೃತ್ತಿಯಿಂದ ಪವರ್‌ಶೆಲ್ 7ರಲ್ಲೂ ನಡೆಯುತ್ತದೆ. (2006 ಇಸವಿ ಅಲ್ಲ, 2020ರ ಜೂನ್ ಅಂತ ಓದಿಕೊಳ್ಳಬೇಕು.) ಇಂಪೋರ್ಟ್ ಮಾಡಿದ ಮೇಲೆ ನಿಮ್ಮ ಸೈಟ್‌ನ (ನಿಮ್ಮ ಎಸ್‌ಸಿಸಿಎಂ ಸೆಟಪ್‌ನ) ಮೂರಕ್ಷರದ ಕೋಡ್ ಇರುವ ಡ್ರೈವ್‌ಗೆ ಹೋಗಿ ನಿಲ್ಲಬೇಕು. ಸಿ ಡ್ರೈವ್‌ನಲ್ಲೇ ನಿಂತು ಕಮಾಂಡ್ ಕೊಟ್ಟರೆ ಕೆಲಸ ಆಗೋದಿಲ್ಲ. ಹೊಸಬರು ಮೊದಲ ದಿನ ತಲೆ ಕೆಡಿಸಿಕೊಳ್ಳೋದು ಇಲ್ಲೇ.

ಮುಖ್ಯ ಕಮಾಂಡ್ ಗೆಟ್-ಸಿಎಂಡಿಪ್ಲಾಯ್‌ಮೆಂಟ್. ಸಾಫ್ಟ್‌ವೇರ್ ಹೆಸರು ಕೊಟ್ಟರೆ ಅದು ಯಾವ ಯಾವ ಕಲೆಕ್ಷನ್‌ಗೆ (ಮೆಷಿನ್‌ಗಳ ಇಲ್ಲವೇ ಬಳಕೆದಾರರ ಗುಂಪಿಗೆ) ಹೋಗಿದೆ ಅಂತ ತೋರಿಸುತ್ತದೆ. ಕಲೆಕ್ಷನ್ ಹೆಸರು ಕೊಟ್ಟರೆ ಅದಕ್ಕೆ ಏನೇನು ಬಿಟ್ಟಿದ್ದಾರೆ ಅಂತ ತೋರಿಸುತ್ತದೆ. ಎಷ್ಟು ಮೆಷಿನ್‌ಗೆ ಗುರಿ, ಎಷ್ಟರಲ್ಲಿ ಆಯಿತು, ಎಷ್ಟರಲ್ಲಿ ಎರರ್, ಎಷ್ಟರದ್ದು ಗೊತ್ತಿಲ್ಲ, ಎಲ್ಲಾ ಒಂದೇ ಸಾಲಿನಲ್ಲಿ. ನನಗೆ ಇದು ಇಷ್ಟವಾಗಿದ್ದು ಕಾಲ್‌ಗಳಲ್ಲಿ. "ಆ ವಿಪಿಎನ್ ಕ್ಲೈಂಟ್ ಎಲ್ಲೆಲ್ಲಿಗೆ ಹೋಗಿದೆ?" ಅಂತ ಮ್ಯಾನೇಜರ್ ಕೇಳುತ್ತಾರೆ. "ಒಂದ್ನಿಮಿಷ ಸರ್" ಅಂತೀನಿ. ಆ ಒಂದು ನಿಮಿಷದಲ್ಲೇ ಉತ್ತರ ಸಿಗುತ್ತದೆ. ಕನ್ಸೋಲ್‌ನಲ್ಲಾದರೆ ಮಾನಿಟರಿಂಗ್‌ಗೆ ಹೋಗಿ, ಡಿಪ್ಲಾಯ್‌ಮೆಂಟ್ಸ್ ತೆರೆದು, ಪಟ್ಟಿ ಲೋಡ್ ಆಗೋವರೆಗೆ ಕಾಯಬೇಕು.

ಬರುವ ಉತ್ತರ ಅರ್ಧ ಅಂಕಿಗಳಲ್ಲೇ ಇರುತ್ತದೆ. ಇಂಟೆಂಟ್ 1 ಅಂದರೆ ಕಡ್ಡಾಯ, 2 ಅಂದರೆ ಬೇಕಾದವರು ಹಾಕಿಕೊಳ್ಳಲಿ ಅಂತ. ಫೀಚರ್ ಟೈಪ್ 1 ಅಪ್ಲಿಕೇಶನ್, 5 ಪ್ಯಾಚ್, 7 ಟಾಸ್ಕ್ ಸೀಕ್ವೆನ್ಸ್ (ಒಂದರ ಹಿಂದೆ ಒಂದು ನಡೆಯುವ ಕೆಲಸಗಳ ಸರಣಿ). ಇಷ್ಟನ್ನು ಮಾನಿಟರ್ ಪಕ್ಕ ಒಂದು ಚೀಟಿಯಲ್ಲಿ ಬರೆದು ಅಂಟಿಸಿಕೊಳ್ಳಿ, ಸಾಕು.

ನಿಜವಾದ ಕೊರತೆ ಬೇರೆ. ಹೆಲ್ಪ್‌ಡೆಸ್ಕ್‌ನವರು ಸಾಫ್ಟ್‌ವೇರ್ ಹಿಡಿದು ಕೇಳೋದಿಲ್ಲ, ಮೆಷಿನ್ ಹಿಡಿದು ಕೇಳುತ್ತಾರೆ: "ಈ ಲ್ಯಾಪ್‌ಟಾಪ್‌ಗೆ ಏನೇನು ಬರಬೇಕಿತ್ತು?" ಗೆಟ್-ಸಿಎಂಡಿಪ್ಲಾಯ್‌ಮೆಂಟ್‌ನಲ್ಲಿ ಕಂಪ್ಯೂಟರ್ ಹೆಸರು ಕೊಡೋಕೆ ಜಾಗವೇ ಇಲ್ಲ! ಮೊದಲು ಆ ಮೆಷಿನ್ ಯಾವ ಯಾವ ಕಲೆಕ್ಷನ್‌ನಲ್ಲಿದೆ ಅಂತ ಡಬ್ಲ್ಯುಎಂಐ (ವಿಂಡೋಸ್‌ನಲ್ಲಿ ಇಂಥ ಮಾಹಿತಿ ಕೇಳಿ ಪಡೆಯುವ ವ್ಯವಸ್ಥೆ) ಕಡೆಯಿಂದ ತೆಗೀಬೇಕು. ಎಸ್‌ಎಂಎಸ್_ಫುಲ್‌ಕಲೆಕ್ಷನ್‌ಮೆಂಬರ್‌ಶಿಪ್ ಅನ್ನುವ ಕ್ಲಾಸ್‌ನಲ್ಲಿ ಅದು ಸಿಗುತ್ತದೆ. ಆಮೇಲೆ ಆ ಕಲೆಕ್ಷನ್ ಐಡಿಗಳನ್ನು ಡಿಪ್ಲಾಯ್‌ಮೆಂಟ್ ಪಟ್ಟಿಗೆ ಹೊಂದಿಸಿ ನೋಡಬೇಕು. ಬಳಕೆದಾರರಿಗೆ ಅಂತ ಬಿಟ್ಟ ಡಿಪ್ಲಾಯ್‌ಮೆಂಟ್ ಇದ್ದರೆ ಅವರ ಹೆಸರಿಗೂ ಇದೇ ಕೆಲಸ ಇನ್ನೊಮ್ಮೆ. ನಾನು ಇದನ್ನು ಒಂದು ಚಿಕ್ಕ ಫಂಕ್ಷನ್ ಮಾಡಿ ಟೀಮ್‌ಗೆ ಕೊಟ್ಟಿದ್ದೀನಿ. ದಿನಾ ಎಲ್ಲರೂ ಕೇಳುವ ಪ್ರಶ್ನೆ ಇದು. ಇದಕ್ಕೆ ರೆಡಿ ಕಮಾಂಡ್ ಕೊಡಬೇಕಿತ್ತು, ಅಲ್ವಾ?

ಬರುವ ಲೆಕ್ಕವನ್ನು ಕಣ್ಣು ಮುಚ್ಚಿ ನಂಬಬೇಡಿ. ಅದು ಈ ಕ್ಷಣದ್ದಲ್ಲ. ಸೈಟ್ ಸರ್ವರ್ ಆಗಾಗ ಕೂಡಿಸಿ ಇಟ್ಟುಕೊಂಡ ಸಾರಾಂಶ. ಬೇಕಾದರೆ ಇನ್ವೋಕ್-ಸಿಎಂಡಿಪ್ಲಾಯ್‌ಮೆಂಟ್‌ಸಮ್ಮರೈಸೇಶನ್ ಓಡಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ. ಹಾಗೆ ಮಾಡಿದರೂ ಆಫ್ ಆಗಿರುವ ಲ್ಯಾಪ್‌ಟಾಪ್ 'ಗೊತ್ತಿಲ್ಲ' ಕಾಲಮ್‌ನಲ್ಲೇ ಇರುತ್ತದೆ. ಸುಮ್ನೆ ಒಂದು ಮೆಷಿನ್‌ನಲ್ಲಿ ಏನಾಯಿತು ಅಂತ ತಿಳಿಯಬೇಕಾದರೆ ಸಾರಾಂಶ ಬಿಟ್ಟು ಆ ಮೆಷಿನ್‌ನ ಸಿಸಿಎಂ ಲಾಗ್ಸ್ ಫೋಲ್ಡರ್‌ನಲ್ಲಿ ಆಪ್‌ಎನ್‌ಫೋರ್ಸ್ ಲಾಗ್ ತೆರೆಯೋದೇ ವಾಸಿ. ಇನ್‌ಸ್ಟಾಲರ್ ಯಾವ ಎಕ್ಸಿಟ್ ಕೋಡ್ (ಮುಗಿದಾಗ ಫಲಿತಾಂಶ ಹೇಳುವ ಅಂಕಿ) ಕೊಟ್ಟಿತು ಅಂತ ಅಲ್ಲೇ ಇರುತ್ತದೆ.

ಅಪ್ಲಿಕೇಶನ್ ಪಟ್ಟಿ ತೆಗೆಯುವಾಗ ಫಾಸ್ಟ್ ಅನ್ನುವ ಸ್ವಿಚ್ ಮರೀಬೇಡಿ. ಅದಿಲ್ಲದಿದ್ದರೆ ಪ್ರತಿಯೊಂದರ ಪೂರ್ತಿ ವಿವರವನ್ನೂ ಸರ್ವರ್‌ನಿಂದ ಎಳೀತಾ ಕೂರುತ್ತದೆ.

ಕನ್ನಡದವರಿಗೆ ಒಂದು ಕಿವಿಮಾತು. ನಮ್ಮ ಕೆಲವು ಕಲೆಕ್ಷನ್‌ಗಳ ವಿವರಣೆಯನ್ನು ಕನ್ನಡದಲ್ಲೇ ಬರೆದಿದ್ದೀವಿ. ಕನ್ಸೋಲ್‌ನಲ್ಲಿ ಚೆನ್ನಾಗೇ ಕಾಣುತ್ತದೆ. ಪವರ್‌ಶೆಲ್ 5.1ರಲ್ಲಿ ಸಿಎಸ್‌ವಿಗೆ ಎಕ್ಸ್‌ಪೋರ್ಟ್ ಮಾಡಿದರೆ ಮಾತ್ರ ಅಕ್ಷರಗಳೆಲ್ಲ ಹೋಗಿ ಸಾಲುಗಟ್ಟಿ ಪ್ರಶ್ನೆ ಚಿಹ್ನೆ! ಅಲ್ಲಿ ಡಿಫಾಲ್ಟ್ ಆಸ್ಕಿ, ಅದರಲ್ಲಿ ಕನ್ನಡ ಅಕ್ಷರಗಳಿಗೆ ಜಾಗ ಇಲ್ಲ. ಎನ್‌ಕೋಡಿಂಗ್ ಯುಟಿಎಫ್8 ಅಂತ ಕೊಟ್ಟರೆ ಸರಿಹೋಗುತ್ತದೆ. ಪವರ್‌ಶೆಲ್ 7ರಲ್ಲಿ ಯುಟಿಎಫ್8 ತಾನಾಗೇ ಬರುತ್ತದೆ, ಆದರೆ ಬಾಮ್ (ಇದು ಯುಟಿಎಫ್8 ಅಂತ ಫೈಲ್ ಶುರುವಿನಲ್ಲೇ ಹೇಳುವ ಗುರುತು) ಇರೋದಿಲ್ಲ. ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದರೆ ಮತ್ತೆ ಗೋಜಲು. ಅಲ್ಲಿ ಯುಟಿಎಫ್8ಬಾಮ್ ಅಂತಲೇ ಹೇಳಬೇಕು. ಇನ್ನೊಂದು, ಸೈಟ್ ಡ್ರೈವ್‌ನಲ್ಲಿ ನಿಂತು ನೆಟ್‌ವರ್ಕ್ ಶೇರ್‌ಗೆ ಸೇವ್ ಮಾಡೋಕೆ ಹೋದರೆ ಎರರ್ ಬರುತ್ತದೆ. ಸಿ ಡ್ರೈವ್‌ಗೆ ಉಳಿಸಿ, ಆಮೇಲೆ ಕಾಪಿ ಮಾಡಿಕೊಳ್ಳಿ.

ತಾನಾಗೇ ಪ್ಯಾಚ್ ಬಿಡುವ ನಿಯಮಗಳನ್ನು, ಅಂದರೆ ಎಡಿಆರ್‌ಗಳನ್ನು (ಆಟೋಮ್ಯಾಟಿಕ್ ಡಿಪ್ಲಾಯ್‌ಮೆಂಟ್ ರೂಲ್), ಗೆಟ್-ಸಿಎಂಸಾಫ್ಟ್‌ವೇರ್‌ಅಪ್‌ಡೇಟ್‌ಆಟೋಡಿಪ್ಲಾಯ್‌ಮೆಂಟ್‌ರೂಲ್ ತೋರಿಸುತ್ತದೆ. ಹೆಸರು ಉದ್ದ ಜಾಸ್ತಿಯಾಯಿತು, ಟ್ಯಾಬ್ ಕೀ ಇರೋದೇ ಇದಕ್ಕೆ. ಯಾವ ಅಪ್‌ಡೇಟ್ ಆರಿಸಬೇಕು ಅನ್ನೋ ನಿಯಮ ಎಕ್ಸ್‌ಎಂಎಲ್ ಆಗಿ ಬರುತ್ತದೆ. ಶೆಡ್ಯೂಲ್ ಅಂತೂ ಓದೋಕಾಗದ ಒಂದು ಕೋಡ್, ಬಿಡಿಸೋಕೆ ಕನ್ವರ್ಟ್-ಸಿಎಂಶೆಡ್ಯೂಲ್ ಬೇಕು. ಆದರೂ ಕೊನೆಯ ಸಲ ಯಾವಾಗ ಓಡಿತು, ಎರರ್ ಕೋಡ್ ಏನು ಅನ್ನೋ ಎರಡು ಕಾಲಮ್‌ಗೋಸ್ಕರ ನಾನು ಇದನ್ನು ಬಿಡೋದಿಲ್ಲ. ಮೈಕ್ರೋಸಾಫ್ಟ್ ಪ್ಯಾಚ್ ಬಿಡೋದು ತಿಂಗಳ ಎರಡನೇ ಮಂಗಳವಾರ, ಅವರ (ಅಮೆರಿಕದ ಪಶ್ಚಿಮ ಕರಾವಳಿಯ) ಬೆಳಗ್ಗೆ ಹತ್ತಕ್ಕೆ. ನಮಗೆ ಆಗ ರಾತ್ರಿ ಹತ್ತೂವರೆ, ಅಲ್ಲಿ ಚಳಿಗಾಲವಾದರೆ ಹನ್ನೊಂದೂವರೆ. ಹಾಗಾಗಿ ನಾವು ನೋಡೋದು ಬುಧವಾರ ಬೆಳಗ್ಗೆ. ಎರರ್ ಕಾಲಮ್‌ನಲ್ಲಿ ಎಲ್ಲಾ ಸೊನ್ನೆ ಇದ್ದರೆ ಕನ್ಸೋಲ್ ತೆರೆಯೋಕೂ ಹೋಗೋದಿಲ್ಲ, ನೇರ ಕಾಫಿಗೆ.