ಹಳೆಯ ಬೋರ್ಡೋ: ಎಡದಂಡೆಯದೋ, ಬಲದಂಡೆಯದೋ?

ಫ್ರಾನ್ಸಿನ ಬೋರ್ಡೋ ಪ್ರದೇಶದ, ಇಪ್ಪತ್ತು ವರ್ಷ ದಾಟಿದ ರೆಡ್ ವೈನ್ ಕೊಳ್ಳುವಾಗ, ಅದು ಅಲ್ಲಿನ ನದಿಗಳ ಯಾವ ದಂಡೆಯದು ಅಂತ ಮೊದಲು ನೋಡಿ.

ಎಡದಂಡೆ ಅಂದರೆ ಮುಖ್ಯವಾಗಿ ಮೆಡಾಕ್. ಪೊಯಾಕ್, ಮಾರ್ಗೋ ಊರುಗಳು ಅಲ್ಲಿವೆ. ಜಲ್ಲಿಕಲ್ಲಿನ ನೆಲ, ಕ್ಯಾಬರ್ನೆ ಸೊವಿನ್ಯೋಂ ದ್ರಾಕ್ಷಿಯದೇ ಮೇಲುಗೈ. ಹೊಸದರಲ್ಲಿ ಬಾಯಿ ಹಿಡಿಯುವಷ್ಟು ಒಗರು. ವರ್ಷ ಕಳೆದಂತೆ ಅದು ಮೆತ್ತಗಾಗುತ್ತದೆ. ಗ್ಲಾಸನ್ನು ಬಿಳಿ ಬಟ್ಟೆಯ ಮೇಲೆ ವಾಲಿಸಿದರೆ ಅಂಚಿನಲ್ಲಿ ಇಟ್ಟಿಗೆ ಬಣ್ಣ ಕಾಣುತ್ತದೆ. ಮೂಗಿಗೆ ದೇವದಾರು, ಒಣ ಹೊಗೆಸೊಪ್ಪು, ಆಗಷ್ಟೇ ಚೂಪು ಮಾಡಿದ ಪೆನ್ಸಿಲ್‌ನ ವಾಸನೆ. ನನಗೆ ಇದೇ ಹೆಚ್ಚು ಇಷ್ಟ.

ಬಲದಂಡೆಯ ಪೊಮೆರೋಲ್, ಸೇಂಟ್ ಎಮಿಲಿಯೋಂ ವೈನ್‌ಗಳಲ್ಲಿ ಮೆರ್ಲೋ ದ್ರಾಕ್ಷಿ ಜಾಸ್ತಿ. ರುಚಿ ನುಣುಪು, ಪ್ಲಮ್ ಹಣ್ಣು, ಅಣಬೆಯ ಪರಿಮಳ. ಸಾಮಾನ್ಯವಾಗಿ ಬೇಗ ಹದಕ್ಕೆ ಬರುತ್ತದೆ. ಹಳೆಯ ವೈನ್ ಮೊದಲ ಸಲ ಕುಡಿಯುವವರು ಇದನ್ನೇ ತಗೊಳ್ಳಲಿ.

ದ್ರಾಕ್ಷಿ ಕೊಯ್ದ ವರ್ಷವೂ ಮುಖ್ಯ ಅಲ್ವಾ? 1996 ಮೆಡಾಕ್‌ಗೆ ಒಲಿದ ವರ್ಷ, 1998 ಬಲದಂಡೆಗೆ. 2005 ಎರಡೂ ಕಡೆ ಚೆನ್ನಾಗಿತ್ತು. ಬೋರ್ಡೋ ವೈನ್‌ಗಳ 1855ರ ಪ್ರಸಿದ್ಧ ದರ್ಜೆಪಟ್ಟಿಯಲ್ಲಿ ಬಲದಂಡೆಯ ಹೆಸರುಗಳೇ ಇಲ್ಲ. ಹಾಗಂತ ಅವು ಕಡಿಮೆಯವಲ್ಲ.

ಊಟಕ್ಕೆ ಪೊಯಾಕ್ ಜೊತೆ ಕುರಿಮರಿ ಮಾಂಸ, ಪೊಮೆರೋಲ್ ಜೊತೆ ಅಣಬೆ.

ಯಾವುದೇ ಆಗಲಿ, ಹಿಂದಿನ ದಿನವೇ ಬಾಟಲಿ ನೆಟ್ಟಗೆ ನಿಲ್ಲಿಸಿ, ಗಸಿ ತಳಕ್ಕಿಳಿಯಲಿ. ಕುತ್ತಿಗೆಯ ಹಿಂದೆ ದೀಪ ಹಿಡಿದು ನಿಧಾನವಾಗಿ ಬೇರೆ ಪಾತ್ರೆಗೆ ಬಗ್ಗಿಸಿ. ಗಸಿ ಕಂಡ ಕೂಡಲೇ ನಿಲ್ಲಿಸಿ. ಗಂಟೆಗಟ್ಟಲೆ ಸುಮ್ನೆ ಇಡಬೇಡಿ, ಹಳೆಯ ವೈನ್‌ನ ಪರಿಮಳ ಬೇಗ ಹಾರಿಹೋಗುತ್ತದೆ.